ನರ್ಸಮ್ಮನ ಹಳೇ ಉಡುಗೆಯ ಗೊಂಬೆಗಳು

ಇಂದ್ರಮ್ಮ ಬಡವನಹಳ್ಳಿಗೆ ನರ್ಸಾಗಿ ಬಂದದ್ದು ಎಪ್ಪತ್ಮೂರನೇ ಇಸವಿಯಲ್ಲಿ. ಅವಳ ಊರು ಕೊರಟಗೆರೆಯ ಹತ್ತಿರ. ಅಪ್ಪ ದೊಡ್ಡಹನುಮಯ್ಯ ಪ್ರೈಮರಿ ಶಾಲೆಯ ಮೇಷ್ಟರು. ಅವರ ಕೇರಿಯಿಂದ ಸರ್ಕಾರಿ ಕೆಲಸಕ್ಕೆ ಸೇರಿದ ಮೊದಲ ಹೆಣ್ಣುಮಗಳು ಇವಳೇ. ಮಗಳನ್ನು ಬಸ್ಸು ಹತ್ತಿಸುವ ದಿನ ಮೇಷ್ಟರು ಅವಳ ಟ್ರಂಕನ್ನು ಯಾರಿಗೂ ಮುಟ್ಟಲು ಕೊಡದೆ ತಾವೇ ಹೆಗಲ ಮೇಲೆ ಹೊತ್ತು ತಂದಿದ್ದರು.

ಆಸ್ಪತ್ರೆ ಎಂದರೆ ಎರಡು ಕೋಣೆ. ಅದರ ಪಕ್ಕದಲ್ಲಿ ಇಂದ್ರಮ್ಮನ ಮನೆ, ಮನೆಗೊಂದು ಜಗಲಿ. ಸುತ್ತಲಿನ ಹಳ್ಳಿ ಹಟ್ಟಿಗಳಿಗೆ ನಡೆದು ಹೋಗಿ ಹೆರಿಗೆ ಮಾಡಿಸುವುದು, ಮಕ್ಕಳಿಗೆ ಸೂಜಿ ಹಾಕುವುದು, ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಡುವುದು ಅವಳ ಕೆಲಸ. ಜನ ಅವಳನ್ನು ನರ್ಸಮ್ಮ ಅಂದರು. ಹೆರಿಗೆಯ ಹೊತ್ತಿಗೆ ನಡುಮನೆಯೊಳಕ್ಕೆ ಓಡೋಡಿ ಕರೆದುಕೊಂಡು ಹೋದವರೇ, ಮಗುವಿನ ಅಳು ಕೇಳಿದ ಮೇಲೆ ಅವಳಿಗೆ ಕಾಫಿ ಕೊಡುವುದಕ್ಕೆ ಜಗಲಿ ತೋರಿಸುತ್ತಿದ್ದರು. ಇಂದ್ರಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ಕಾಫಿ ಕುಡಿದು ಬರುತ್ತಿದ್ದಳು.

ಒಂದು ದಿನ ಕೊಡೆ ಕೊಳ್ಳಲೆಂದು ಮಧುಗಿರಿಗೆ ಹೋದಳು. ಬಸ್ ಸ್ಟ್ಯಾಂಡಿನ ಎದುರಿನ ಫ್ಯಾನ್ಸಿ ಸ್ಟೋರಿನ ಗಾಜಿನ ಹಿಂದೆ ಒಂದು ಗೊಂಬೆ ನಿಂತಿತ್ತು. ಎತ್ತಿಕೊಂಡು ಆಡಿಸುವ ಮಗುವಿನ ಗೊಂಬೆಯಲ್ಲ, ವಯಸ್ಸಿಗೆ ಬಂದ ಹುಡುಗಿಯ ಗೊಂಬೆ. ಸಣ್ಣ ನಡು, ಉದ್ದ ಕಾಲು, ಹಳದಿ ಕೂದಲು, ಮಿಣಮಿಣ ಹೊಳೆಯುವ ಫ್ರಾಕು. ಇಂದ್ರಮ್ಮ ಕೊಡೆ ಮರೆತಳು.

"ಮಗೂಗಾ, ಮೇಡಂ?" ಅಂಗಡಿಯವನು ಕೇಳಿದ.

"ಹೂಂ," ಅಂದುಬಿಟ್ಟಳು. ಮದುವೆಯೇ ಆಗಿರಲಿಲ್ಲ.

ಕಾಗದದಲ್ಲಿ ಸುತ್ತಿಕೊಟ್ಟರೂ ಗೊಂಬೆಯ ತಲೆ ಹೊರಗೇ ಇತ್ತು. ಶಿರಾ ಕಡೆಯ ಬಸ್ಸಿನಲ್ಲಿ ಅದನ್ನು ಮಡಿಲಿನಲ್ಲಿಟ್ಟುಕೊಂಡು ಕೂತಿದ್ದಾಗ ಕಂಡಕ್ಟರ್ ಬಂದ. ಪಾವಗಡ ಸೀಮೆಯ ವಳ್ಳೂರಿನವನು, ಹೆಸರು ರಂಗಯ್ಯ. ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಂಡಿದ್ದ.

"ಬಡವನಹಳ್ಳಿ ಒಂದು," ಅಂದಳು ಇಂದ್ರಮ್ಮ.

ಅವನು ಗೊಂಬೆಯನ್ನು ನೋಡಿದ. "ಈಯಮ್ಮಂಗೆ ಫುಲ್ ಟಿಕೀಟಾ, ಅರ್ಧ ಟಿಕೀಟಾ?"

ಹಿಂದಿನ ಸೀಟಿನವರೆಲ್ಲ ನಕ್ಕರು. ಇಂದ್ರಮ್ಮನ ಮುಖ ಕೆಂಪಾಯಿತು. "ಇದು ಲಗೇಜು ಕಣ್ರೀ."

"ಲಗೇಜಾದ್ರೆ ಮ್ಯಾಲೆ ಹಾಕ್ಬೇಕಾಯ್ತದೆ."

ಅವಳು ಗೊಂಬೆಯನ್ನು ಎರಡೂ ಕೈಯಿಂದ ಅವುಚಿಕೊಂಡಳು. ರಂಗಯ್ಯನಿಗೆ ತಾನು ಆಡಿದ್ದು ಹೆಚ್ಚಾಯಿತು ಅನ್ನಿಸಿರಬೇಕು. "ಹೋಗ್ಲಿ ಬುಡಿ, ಮಡ್ಲಾಗಿರೋರ್ಗೆ ಟಿಕೀಟಿಲ್ಲ," ಅಂದು ಮುಂದಕ್ಕೆ ಹೋದ.

ಗೊಂಬೆಯ ಫ್ರಾಕು ಬಹಳ ದಿನ ಬಾಳಲಿಲ್ಲ. ಮೊದಲ ಸಲ ಒಗೆದಾಗಲೇ ಬಣ್ಣವೆಲ್ಲ ಬಕೆಟ್ಟಿನಲ್ಲಿ ಉಳಿದು, ಅದು ಗಾಯಕ್ಕೆ ಕಟ್ಟುವ ಬಟ್ಟೆಯ ಹಾಗಾಯಿತು. ಬರಿ ಮೈಯ ಗೊಂಬೆಯನ್ನು ಹಾಗೇ ಬಿಡಲು ಮನಸ್ಸು ಬಾರದೆ ಇಂದ್ರಮ್ಮ ಟ್ರಂಕು ತೆಗೆದಳು. ತಳದಲ್ಲಿ ಅಜ್ಜಿಯ ಬಟ್ಟೆಗಳಿದ್ದವು. ಅವಳನ್ನು ಸಾಕಿದ ಅಜ್ಜಿ ಚಿಕ್ಕಹನುಮಕ್ಕ ತೀರಿಹೋಗಿ ಆಗಿನ್ನೂ ವರ್ಷವಾಗಿರಲಿಲ್ಲ. ಎದೆಯ ಕೆಳಗೆ ಗಂಟು ಹಾಕುವ ಒಂದು ಕುಪ್ಪಸ, ಅಂಚು ಹರಿದ ಒಂದು ಕೆಂಪು ಸೀರೆ. ಇಂದ್ರಮ್ಮ ಹರಿದ ಕಡೆಯಿಂದಲೇ ಸ್ವಲ್ಪ ಕತ್ತರಿಸಿಕೊಂಡಳು. ಗೊಂಬೆಗೆ ಬೆರಳುದ್ದದ ಕುಪ್ಪಸ ಹೊಲಿದಳು. ಅಜ್ಜಿ ಉಡುತ್ತಿದ್ದ ಹಾಗೆಯೇ ಸೆರಗನ್ನು ಬೆನ್ನಿನಿಂದ ತಂದು ಸೊಂಟಕ್ಕೆ ಸಿಕ್ಕಿಸಿದಳು. ಹಳದಿ ಕೂದಲು ಮಾತ್ರ ಒಪ್ಪಲಿಲ್ಲ. ಅದನ್ನು ಕತ್ತರಿಸಿ ತೆಗೆದು, ಸಂತೆಯಲ್ಲಿ ಸಿಗುವ ಚೌರಿಯ ಕೂದಲು ಅಂಟಿಸಿ, ಹಿಂದೆ ತುರುಬು ಕಟ್ಟಿದಳು. ಇಂಜೆಕ್ಷನ್ ಬಾಟಲಿಯ ಬಾಯಿಗಿರುವ ಅಲ್ಯೂಮಿನಿಯಂ ಬಿಲ್ಲೆಯನ್ನು ಬಿಡಿಸಿದರೆ ಒಂದು ಉಂಗುರ ಬರುತ್ತದೆ. ಅದನ್ನೇ ಬಗ್ಗಿಸಿ ಕಾಲಿಗೆ ಕಡಗ ಮಾಡಿದಳು.

ಎಲ್ಲ ಮುಗಿದ ಮೇಲೆ ಗೊಂಬೆಯನ್ನು ಕಿಟಕಿಯ ಮೇಲಿಟ್ಟು ನೋಡಿದಳು. ಅಜ್ಜಿಯದು ಒಂದು ಫೋಟೋ ಕೂಡ ಇರಲಿಲ್ಲ. ಅಜ್ಜಿ ಎಂದರೆ ಅವಳಿಗೆ ನೆನಪಿದ್ದದ್ದು ಬಾಗಿದ ಬೆನ್ನು, ಸುಕ್ಕುಬಿದ್ದ ಕೈ. ಈಗ ಅದೇ ಕುಪ್ಪಸ, ಅದೇ ಸೆರಗು ನೆಟ್ಟಗೆ ನಿಂತಿತ್ತು. ಹರೆಯದಲ್ಲಿ ಅಜ್ಜಿ ಹೀಗೇ ನೀರಿಗೆ ಹೋಗುತ್ತಿದ್ದಿರಬಹುದು, ಹೀಗೇ ಯಾರನ್ನೋ ತಿರುಗಿ ನೋಡಿರಬಹುದು ಅನ್ನಿಸಿ ಇಂದ್ರಮ್ಮ ಒಬ್ಬಳೇ ನಕ್ಕಳು, ಹಿಂದೆಯೇ ಕಣ್ಣು ತುಂಬಿತು. ಆವತ್ತು ಅವಳು ಬಿಸಿ ಬಿಸಿ ಮುದ್ದೆ ಉಂಡು, ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದಳು.

ಅಲ್ಲಿಂದ ಅವಳ ಕಣ್ಣು ಬೇರೆಯಾಯಿತು. ಹಳ್ಳಿ ತಿರುಗುವಾಗ ಮುದುಕಿಯರ ಸೀರೆಯ ಅಂಚು, ಸೆರಗಿನ ದಿಕ್ಕು, ರವಿಕೆಯ ತೋಳು ನೋಡತೊಡಗಿದಳು. "ನೀವು ಮದುವೇಲಿ ಏನು ಉಟ್ಟಿದ್ರಿ ಅಜ್ಜಿ?" ಎಂದು ಕೇಳಿದರೆ ಸಾಕು, ಕೆಮ್ಮಿಗೆ ಔಷಧಿ ಕೇಳಲು ಬಂದವರು ಕೆಮ್ಮನ್ನೇ ಮರೆಯುತ್ತಿದ್ದರು. ಅವಳನ್ನು ಒಳಗೆ ಕರೆಯದ ಮನೆಗಳಲ್ಲೂ ಹಳೆಯ ಪೆಟ್ಟಿಗೆ ತಾನೇ ಜಗಲಿಗೆ ಬರುತ್ತಿತ್ತು. ಒಬ್ಬಳು ಮೊಳಕಾಲ್ಮೂರಿನ ರೇಷ್ಮೆಯ ಚೂರು ಕೊಟ್ಟಳು. ಇನ್ನೊಬ್ಬಳು ತನ್ನ ಕಾಲದಲ್ಲಿ ಬಂದ ಉಬ್ಬು ತೋಳಿನ ರವಿಕೆ ತೋರಿಸಿ, "ಇದ್ನ ಹಾಕ್ಕಂಡು ಬಂದ್ರೆ ನಮ್ಮತ್ತೆ, ತೋಳ್ನಾಗೆ ಏನೇ ಬಚ್ಚಿಟ್ಟಿದ್ದೀಯ ಅನ್ನೋಳು," ಅಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಬಟ್ಟೆ ಸಿಕ್ಕಿತು, ಗೊಂಬೆ ಬೇಕಲ್ಲ. ಅದಕ್ಕೆ ರಂಗಯ್ಯ ಸಿಕ್ಕಿದ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲ ಸುತ್ತುವ ಮನುಷ್ಯ. ಒಂದು ದಿನ ಆಸ್ಪತ್ರೆಯ ಮುಂದೆ ಬಸ್ಸು ನಿಲ್ಲಿಸಿ ಇಳಿದು ಬಂದ.

"ಪಾವಗಡದಾಗೆ ಅಂಥದ್ದೇ ಒಂದು ಗೊಂಬೆ ನೋಡ್ದೆ. ತರ್ಲಾ?"

"ಕೂದ್ಲು ಯಾವ ಬಣ್ಣ?"

"ಕೂದ್ಲು ನೋಡ್ಲಿಲ್ಲ. ಮೂಗು ಚೆನ್ನಾಗೈತೆ."

ಆ ಉತ್ತರ ಇಂದ್ರಮ್ಮನಿಗೆ ಹಿಡಿಸಿತು. ಅವನು ತಂದ ಗೊಂಬೆಯ ಮೂಗು ನಿಜವಾಗಿಯೂ ಚೆನ್ನಾಗಿತ್ತು. ಆಮೇಲೆ ಶಿರಾದ ಸಾಬರ ಟೈಲರ್ ಅಂಗಡಿಯಿಂದ ಜರಿಯ ಚೂರುಗಳನ್ನು ಹೆಕ್ಕಿ ತಂದ. ಸೀರೆ ಉಡಿಸಿದ್ದನ್ನು ನೋಡಿ, "ನಮ್ಮವ್ವ ಇಂಗೆ ಉಡಲ್ಲ, ಸೆರಗು ಈ ಕಡೆಯಿಂದ ಬರ್ಬೇಕು," ಎಂದು ತಕರಾರು ತೆಗೆಯುವಷ್ಟು ಪಳಗಿದ. ಎರಡು ಮೂರು ವರ್ಷ ಹೀಗೆ ಗೊಂಬೆಯ ನೆಪದಲ್ಲಿ ಮಾತಾಡಿಕೊಂಡಿದ್ದವರು, ಗೊಂಬೆಯ ನೆಪ ಬೇಕಿಲ್ಲ ಅನ್ನಿಸಿದಾಗ ಮದುವೆಯಾದರು. ರಂಗಯ್ಯನ ತಾಯಿ ಪಟಾಲಮ್ಮ ಸೊಸೆಯ ಮನೆಗೆ ಮೊದಲ ಸಲ ಬಂದು ಗೊಂಬೆಗಳ ಗಾಜಿನ ಬೀರು ನೋಡಿ, "ಏಮಿರಾ ರಂಗಯ್ಯಾ, ನಿನ್ ಪೆಂಡ್ಲಾನಿಕಿ ಬೊಮ್ಮಲ ಪಿಚ್ಚಿ ಕಣೋ," ಅಂದಳು. ಹೆಂಡತಿಗೆ ಗೊಂಬೆಯ ಹುಚ್ಚು ಎಂದು. ಆದರೂ ಊರಿಗೆ ಹೋಗುವಾಗ ತನ್ನ ಹಳೆಯ ಸೀರೆಯ ಅಂಚನ್ನು ತಾನೇ ಹರಿದು ಕೊಟ್ಟಳು.

ತೊಂದರೆ ಬಂದದ್ದು ಎಪ್ಪತ್ತೇಳರ ಬೇಸಿಗೆಯಲ್ಲಿ. ಎದುರು ಮನೆಯ ಗೌರಕ್ಕನ ಮೊಮ್ಮಗುವಿಗೆ ಭೇದಿಯಾಗಿ ಮಗು ಬಾಡಿ ಹೋಗಿತ್ತು. ಗೌರಕ್ಕ ನರ್ಸಮ್ಮನನ್ನು ಕರೆಯಲು ಬಂದಳು. ಬಾಗಿಲು ಮುಂದಕ್ಕೆ ಮಾಡಿತ್ತು. ಇಂದ್ರಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗೌರಕ್ಕ ಕಿಟಕಿಯಲ್ಲಿ ಇಣುಕಿದಳು. ಬೀರುವಿನೊಳಗೆ ಸಾಲಾಗಿ ಹೆಂಗಸರು, ತಲೆಗೆ ನಿಜವಾದ ಕೂದಲು, ಮೈಮೇಲೆ ಊರಿನ ಮುದುಕಿಯರ ಬಟ್ಟೆ. ಅವುಗಳಲ್ಲಿ ಒಂದು ಹಿಂದಿನ ವರ್ಷ ತೀರಿಹೋದ ಈರಕ್ಕನ ಸೀರೆ. ಗೌರಕ್ಕ ಕೂಗಲೂ ಇಲ್ಲ, ಬಾಗಿಲು ತಟ್ಟಲೂ ಇಲ್ಲ. ಹಾಗೇ ಹಿಂದೆ ಸರಿದು ಮನೆಗೆ ಓಡಿದಳು.

ಮಗುವಿನ ವಿಷಯ ತಿಳಿದು ಇಂದ್ರಮ್ಮ ತಾನೇ ಹೋದಾಗ ಗೌರಕ್ಕ ಹೊಸಲಿನ ಮೇಲೆ ನಿಂತು ಕೈ ಅಡ್ಡ ಹಿಡಿದಳು. "ನೀನು ಬರ್ಬ್ಯಾಡ ಕಣಮ್ಮ. ನಿನ್ ಕೈ ಈ ಮಗೀನ ಮ್ಯಾಲೆ ಬೀಳದು ಬ್ಯಾಡ."

ಇಂದ್ರಮ್ಮನಿಗೆ ಅರ್ಥವಾಗಲಿಲ್ಲ. ನೀರಿಗೆ ಸಕ್ಕರೆ ಉಪ್ಪು ಹಾಕಿ ಚಮಚದಲ್ಲಿ ಕುಡಿಸುತ್ತಲೇ ಇರಿ ಎಂದು ಬಾಗಿಲಲ್ಲೇ ನಿಂತು ಒಳಗಿನ ಸೊಸೆಗೆ ಕೇಳುವ ಹಾಗೆ ಹೇಳಿ ಬಂದಳು. ಸೊಸೆ ಹಾಗೇ ಮಾಡಿದಳು. ಮಗು ಆ ವಾರವೇ ಗೆಲುವಾಯಿತು. ಆದರೆ ಅಷ್ಟರಲ್ಲಿ ನರ್ಸಮ್ಮ ಮಾಟ ಮಾಡುತ್ತಾಳೆ, ಸತ್ತವರ ಸೀರೆ ಗೊಂಬೆಗೆ ಉಡಿಸಿ ಇಟ್ಟಿದ್ದಾಳೆ ಎಂಬ ಮಾತು ಊರೆಲ್ಲ ತಿರುಗಿಯಾಗಿತ್ತು. ಸೂಜಿ ಹಾಕಿಸುವ ದಿನ ಆಸ್ಪತ್ರೆಗೆ ಒಂದು ಮಗುವೂ ಬರಲಿಲ್ಲ. ತಿಂಗಳು ತುಂಬಿದ ಬಸುರಿಯೊಬ್ಬಳನ್ನು ಅವಳ ಮನೆಯವರು ಇವಳ ಕಣ್ಣು ತಪ್ಪಿಸಿ ಗಾಡಿಯಲ್ಲಿ ತವರಿಗೆ ಕಳಿಸಿದರು. ಅದು ತಿಳಿದಾಗ ಇಂದ್ರಮ್ಮ ಒಲೆಯ ಮುಂದೆ ಕೂತು ಅತ್ತಳು. ದಾರಿಯಲ್ಲಿ ಆ ಹುಡುಗಿಗೆ ನೋವು ಬಂದಿದ್ದರೆ ಏನು ಗತಿ ಎನ್ನುವುದೇ ಅವಳ ಸಂಕಟ.

"ಟ್ರಂಕಿಗೆ ತುಂಬು," ಅಂದ ರಂಗಯ್ಯ. "ಕೊರಟಗೆರೆಗೆ ಮಾವನ ಮನೆಗೆ ಬಿಟ್ಟು ಬತ್ತೀನಿ. ತಣ್ಣಗಾದ ಮ್ಯಾಲೆ ತಂದ್ರಾಯ್ತು."

ಇಂದ್ರಮ್ಮ ಒಂದೊಂದನ್ನೇ ಹಳೆಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಮುಚ್ಚಳ ಹಾಕಿದಳು. ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದು, ಮತ್ತೆ ತೆಗೆದಳು.

"ಬಚ್ಚಿಟ್ರೆ ಅವರು ಹೇಳಿದ್ದು ನಿಜ ಅಂತ ನಾನೇ ಒಪ್ಪಿಕೊಂಡ ಹಾಗೆ. ಕತ್ತಲೆಕೋಣೇಲಿ ಕಂಡಿದ್ದಕ್ಕೆ ತಾನೆ ಹೆದರಿದ್ದು? ಬಿಸಿಲಲ್ಲಿ ನೋಡಲಿ."

"ಕಲ್ಲು ಹೊಡೆದ್ರೆ?"

"ನೀನು ಪಕ್ಕದಲ್ಲಿ ನಿಂತ್ಕೋ."

ಸಂತೆಯ ದಿನ ರಂಗಯ್ಯ ರಜೆ ಹಾಕಿದ. ಬೆಳಿಗ್ಗೆಯೇ ಜಗಲಿ ಗುಡಿಸಿ, ಚಾಪೆ ಹಾಸಿ, ಗೊಂಬೆಗಳನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿದರು. ಸಂತೆಗೆ ಹೋಗುವ ದಾರಿಯೇ ಅದು. ಸೊಪ್ಪಿನವರು, ಕೋಳಿಯವರು, ಕುರಿ ಹೊಡೆದುಕೊಂಡು ಬಂದವರು ಎಲ್ಲ ನಿಂತು ನೋಡಿದರು, ಆದರೆ ದೂರದಿಂದಲೇ. ಗೌರಕ್ಕ ತನ್ನ ಬಾಗಿಲಿನಿಂದ ನೋಡುತ್ತಿದ್ದಳು. ಯಾರೋ, "ಬಿಸ್ಲಿಗೆ ಇಟ್ಟವ್ಳೆ ನೋಡ್ಲಾ," ಅಂದರು. ಇಂದ್ರಮ್ಮ ಚಾಪೆಯ ತುದಿಯಲ್ಲಿ ಕೂತು, ಸೂಜಿಗೆ ದಾರ ಪೋಣಿಸಿ, ಒಂದು ಗೊಂಬೆಯ ರವಿಕೆಗೆ ತೋಳು ಹಚ್ಚುತ್ತಿದ್ದಳು.

ಗುಂಪನ್ನು ಸರಿಸಿಕೊಂಡು ಒಬ್ಬ ಮುದುಕಿ ಮುಂದೆ ಬಂದಳು. ಹೆಸರು ಕ್ಯಾತಮ್ಮ. ಹುಲಿಕುಂಟೆ ಕಡೆಯ ಕುರಿ ಕಾಯುವ ಮನೆತನದವಳು. ಮಗಳನ್ನು ಹತ್ತಿರದ ಹಟ್ಟಿಗೆ ಕೊಟ್ಟಿದ್ದರಿಂದ ಈಗ ಅಲ್ಲೇ ಇದ್ದಳು. ಊರಿನ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ, ಬಿದ್ದಿದ್ದರೂ ಕೇಳುವಷ್ಟು ಕಿವಿ ಚುರುಕಿರಲಿಲ್ಲ. ಕೋಲನ್ನು ಜಗಲಿಗೆ ಒರಗಿಸಿ, ಬಗ್ಗಿ, ಒಂದು ಗೊಂಬೆಯನ್ನು ಎತ್ತಿಕೊಂಡಳು. ರವಿಕೆಯಿಲ್ಲದೆ, ಕೆಂಪು ಚೌಕಳಿ ಸೀರೆಯ ಸೆರಗನ್ನು ಹೆಗಲ ಮೇಲೆ ಗಂಟು ಹಾಕಿದ ಗೊಂಬೆ ಅದು.

"ಇದ್ಯಾರು ಉಡ್ಸಿದ್ದು?" ಎಂದು ಗಟ್ಟಿಯಾಗಿ ಕೇಳಿದಳು.

"ನಾನೇ ಅಜ್ಜಿ."

"ಗಂಟು ತಪ್ಪಾಗೈತೆ."

ಇಂದ್ರಮ್ಮ ಅವಳ ಮುಖ ನೋಡಿದಳು. "ಹೆಂಗೆ ಹಾಕ್ಬೇಕು?"

ಕ್ಯಾತಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಳು. ಗೊಂಬೆಯನ್ನು ಮಡಿಲಲ್ಲಿ ಮಲಗಿಸಿ ಗಂಟು ಬಿಚ್ಚಿದಳು. "ಇಂಗೆ ತರ್ಬೇಕು... ಇಂಗೆ ಒಂದ್ ಸುತ್ತು... ಗಂಟು ಮುಂದಕ್ಕೆ ಬರ್ಬಾರ್ದು ಕಣಮ್ಮ, ಮಗೀಗೆ ಹಾಲು ಕುಡ್ಸುವಾಗ ಚುಚ್ತದೆ. ಅಂಗೆ ಹಿಂದಕ್ಕೆ ಸರೀಬೇಕು." ಉಡಿಸಿ ಮುಗಿಸಿ ಗೊಂಬೆಯನ್ನು ಎತ್ತಿ ಹಿಡಿದಳು. ಪಕ್ಕದಲ್ಲಿ ನಿಂತವರ ಕಡೆ ತಿರುಗಿ, "ನನ್ ಲಗ್ನದಾಗೆ ನಾನು ಇಂಗೇ ಇದ್ದೆ. ನಂಬಂಗಿದ್ರೆ ನಂಬ್ರಿ," ಅಂದಳು.

ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಫಕ್ಕನೆ ನಕ್ಕಳು. "ಅಯ್ಯೋ ಅಜ್ಜೀ, ನಿನ್ ನಡಾ ಇಷ್ಟು ಸಣ್ಣ ಇತ್ತಾ?"

"ಇತ್ತು ಕಣೇ, ಇದಕ್ಕಿಂತ ಸಣ್ಣ ಇತ್ತು. ಈ ಹುಡ್ಗಿ ಯಾಕೆ ತುದಿಗಾಲ ಮ್ಯಾಲೆ ನಿಂತೈತೆ? ಮುಳ್ಳು ತುಳ್ದೈತಾ?"

ಹಿಮ್ಮಡಿ ಎತ್ತರದ ಬೂಟಿಗೆಂದು ಮಾಡಿದ ಪಾದ ಅದು ಎಂದು ಇಂದ್ರಮ್ಮ ಹೇಳುವಷ್ಟರಲ್ಲಿ ಎಲ್ಲರೂ ನಗುತ್ತಿದ್ದರು. ಸೊಪ್ಪಿನವಳು ಬುಟ್ಟಿ ಇಳಿಸಿ ಹತ್ತಿರ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಸ್ವಲ್ಪ ಹೊತ್ತಿಗೆ ಜಗಲಿಯ ತುಂಬ ಹೆಂಗಸರು. ಇದು ನಮ್ಮತ್ತೆ ಉಡ್ತಿದ್ದಂಗೆ, ಇದು ಬ್ರಾಂಬರ ಕಚ್ಚೆ, ಇದು ನಮ್ಮವ್ವಂದೇ ಅಂಚು ಎಂದು ಮಾತೋ ಮಾತು. ಈರಕ್ಕನ ಮಗಳು ತನ್ನ ತಾಯಿಯ ಸೀರೆಯ ಗೊಂಬೆಯನ್ನು ಎದೆಗೊತ್ತಿಕೊಂಡು, "ಇದ್ನ ನಮ್ಮವ್ವನೇ ಬದುಕಿದ್ದಾಗ ನಿಂಗೆ ಕೊಟ್ಟಿದ್ದಲ್ವೇನಮ್ಮ? ನಾನು ಅಲ್ಲೇ ಇದ್ದೆ," ಅಂದಳು. ಆ ಮಾತು ಎದುರು ಮನೆಗೂ ಕೇಳಿಸಿತು.

ಗೌರಕ್ಕ ಬಂದದ್ದು ಎಲ್ಲರಿಗಿಂತ ಕೊನೆಗೆ. ಸೊಂಟದ ಮೇಲೆ ಮೊಮ್ಮಗು ಇತ್ತು. ಕ್ಷಮಿಸು ಎಂಬ ಮಾತು ಅವಳ ಬಾಯಲ್ಲಿ ಬರುವಂಥದ್ದಲ್ಲ. ಗೊಂಬೆಗಳನ್ನೆಲ್ಲ ಒಂದು ಸುತ್ತು ನೋಡಿ, ಮುಖ ಗಂಟಿಕ್ಕಿಕೊಂಡು ಕೇಳಿದಳು: "ನಮ್ ಕಡೇದು ಇಲ್ವಲ್ಲ?"

"ನೀವು ಬಟ್ಟೆ ಕೊಟ್ಟಿಲ್ವಲ್ಲ ಗೌರಕ್ಕ," ಅಂದಳು ಇಂದ್ರಮ್ಮ.

ಗೌರಕ್ಕ ಮಗುವನ್ನು ಇಂದ್ರಮ್ಮನ ಕೈಗೆ ಕೊಟ್ಟು ಮನೆಗೆ ಹೋದಳು. ಪೆಟ್ಟಿಗೆಯ ವಾಸನೆ ಹೊಡೆಯುವ ಒಂದು ನೀಲಿ ಸೀರೆ ತಂದು ಚಾಪೆಯ ಮೇಲೆ ಹಾಕಿದಳು. "ಜಾಸ್ತಿ ಕತ್ತರಿಸ್ಬ್ಯಾಡ. ಅಂಚು ಬರೋ ಅಷ್ಟು ಸಾಕು." ಮಗು ಇಂದ್ರಮ್ಮನ ಮೂಗು ಹಿಡಿದು ಎಳೆಯುತ್ತಿತ್ತು. ಅದನ್ನು ನೋಡಿದ ಮೇಲೆ ಬೇರೆಯವರಿಗೆ ಹೇಳುವುದೇನೂ ಉಳಿಯಲಿಲ್ಲ. ಮುಂದಿನ ಸೂಜಿಯ ದಿನ ಮಕ್ಕಳ ಅಳು ಸಂತೆಯ ತನಕ ಕೇಳಿಸುವಷ್ಟಿತ್ತು.

ಆವತ್ತು ಸಂತೆ ಮುಗಿಯುವ ಹೊತ್ತಿಗೆ ಕ್ಯಾತಮ್ಮ ಹೊರಡಲು ಎದ್ದಳು. ಚೌಕಳಿ ಸೀರೆಯ ಗೊಂಬೆ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ಕೇಳಿಬಿಡುತ್ತಾಳೆ ಎಂದು ಇಂದ್ರಮ್ಮನಿಗೆ ಗೊತ್ತಾಯಿತು. ಕೊಡುವುದು ಧರ್ಮ ಎಂದೂ ಗೊತ್ತಿತ್ತು. ಆದರೆ ಒಂದೊಂದು ಗೊಂಬೆಯೂ ಎಲ್ಲಿ ಸಿಕ್ಕಿತು, ಯಾವ ಚೂರು ಯಾರ ಮನೆಯದು ಎಂದು ಅವಳಿಗೆ ನೆನಪಿತ್ತು. ಬೀರುವಿನಲ್ಲಿ ಒಂದು ಜಾಗ ಖಾಲಿಯಾಗುವುದು ಅವಳಿಗೆ ಬೇಕಿರಲಿಲ್ಲ. ಆದರೂ ಮನಸ್ಸು ಗಟ್ಟಿ ಮಾಡಿ, "ತಗೊಂಡು ಹೋಗಿ ಅಜ್ಜಿ," ಅಂದಳು.

"ನಂಗ್ಯಾಕಮ್ಮ? ಹಟ್ಟೀಲಿ ಮೇಕೆ ತಿಂದ್ಬುಡ್ತವೆ." ಕ್ಯಾತಮ್ಮ ಗೊಂಬೆಯನ್ನು ಗೋಡೆಗೆ ಒರಗಿಸಿದಳು. "ಇಲ್ಲೇ ಇರ್ಲಿ. ಸಂತೆಗೆ ಬಂದಾಗ ನೋಡ್ಕಂಡು ಹೋಗ್ತೀನಿ."

ಹೇಳಿದ ಹಾಗೆಯೇ ಬಂದಳು. ಇಂದ್ರಮ್ಮ ಅವಳಿಗೆ ಬೀರುವಿನ ಬಾಗಿಲು ತೆಗೆದುಕೊಡುತ್ತಿದ್ದಳು. ಮುದುಕಿ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಎಲೆಯಡಿಕೆ ಹಾಕುತ್ತ ಕೂತು, ತೃಪ್ತಿಯಾದ ಮೇಲೆ ಎದ್ದು ಹೋಗುತ್ತಿದ್ದಳು.

ಎಂಬತ್ತೊಂದರಲ್ಲಿ ಇಂದ್ರಮ್ಮನಿಗೆ ಪಾವಗಡಕ್ಕೆ ವರ್ಗವಾಯಿತು, ಆಮೇಲೆ ಶಿರಾಕ್ಕೆ. ಪ್ರತಿ ಸಲವೂ ಬೀರು ರಂಗಯ್ಯನ ಬಸ್ಸಿನ ಮೇಲೆ, ಗೊಂಬೆಗಳು ಮಾತ್ರ ಒಳಗೆ ಸೀಟಿನ ಮೇಲೆ. ಅಷ್ಟರಲ್ಲಿ ಮಗಳು ಹುಟ್ಟಿದ್ದಳು, ಹೆಸರು ಮಹಾಲಕ್ಷ್ಮಿ. ಅವಳಿಗೆ ಗೊಂಬೆಗಳ ಜೊತೆ ಆಡಲು ಅಪ್ಪಣೆ ಇತ್ತು, ಆದರೆ ಸೀರೆ ಬಿಚ್ಚಿದರೆ ಸರಿಯಾಗಿ ಉಡಿಸಿಯೇ ಇಡಬೇಕು. ಹೀಗಾಗಿ ಆ ಹುಡುಗಿ ಎಂಟು ವರ್ಷಕ್ಕೇ ಎಲ್ಲ ಬಗೆಯ ಸೀರೆ ಉಡಿಸಲು ಕಲಿತಳು.

ಶಿರಾದಲ್ಲಿ ಪಕ್ಕದ ಮನೆಯವರು ರಾಜಲಕ್ಷ್ಮಮ್ಮ, ಹೆಣ್ಣುಮಕ್ಕಳ ಶಾಲೆಯ ಟೀಚರ್. ಒಂದು ಸಂಜೆ ಬಂದವರು ಉಬ್ಬು ತೋಳಿನ ಗೊಂಬೆಯ ಮುಂದೆ ನಿಂತುಬಿಟ್ಟರು. "ಎಷ್ಟು ಚೆನ್ನಾಗಿದೆಯಲ್ಲ, ಇಂದ್ರಮ್ಮ! ನಮ್ಮ ತಾಯಿಯವರ ಹತ್ತಿರ ಇಂಥದ್ದೇ ರವಿಕೆ ಇತ್ತು. ನಾವು ನಕ್ಕು ನಕ್ಕು ಅವರು ಹಾಕುವುದನ್ನೇ ಬಿಟ್ಟರು." ಮಾರನೆಯ ದಿನ ಗೊಂಬೆಯನ್ನು ಕೈಚೀಲದಲ್ಲಿಟ್ಟುಕೊಂಡು ಟೈಲರ್ ಹತ್ತಿರ ಹೋದರು. ಸಾಬರು ಕನ್ನಡಕ ಏರಿಸಿ ತೋಳನ್ನು ತಿರುಗಿಸಿ ನೋಡಿ, "ಅರೆ ಅಮ್ಮಾ, ಇದು ನಮ್ಮ ಅಬ್ಬಾ ಹೊಲೀತಿದ್ದ ಕೈ! ಹೊಲಿದುಕೊಡ್ತೀನಿ," ಅಂದರು. ಟೀಚರ್ ಅದನ್ನು ಹಾಕಿಕೊಂಡು ಶಾಲೆಗೆ ಹೋದ ಮೇಲೆ ಆ ವರ್ಷ ಶಿರಾದ ದೊಡ್ಡ ಹುಡುಗಿಯರ ತೋಳೆಲ್ಲ ಉಬ್ಬಿದವು. ಎಷ್ಟೋ ಜನ ಮೂಲ ಗೊಂಬೆಯನ್ನು ನೋಡಲೆಂದೇ ಮನೆಗೆ ಬಂದರು. ಇಂದ್ರಮ್ಮ ಆಸ್ಪತ್ರೆಯಿಂದ ದಣಿದು ಬಂದಿದ್ದರೂ, ಬೀರುವಿನ ಬಾಗಿಲು ತೆಗೆಯುವಾಗ ಅವಳ ದಣಿವು ಎಲ್ಲಿಗೋ ಹೋಗುತ್ತಿತ್ತು.

ಎಂಬತ್ತೇಳರಲ್ಲಿ ರಂಗಯ್ಯ ಬೆಂಗಳೂರಿಗೆ ಹೋಗಿ ಬಂದವನು ಒಂದು ಹೊಸ ಗೊಂಬೆ ತಂದ. ಮೊಣಕಾಲು ಬಗ್ಗುತ್ತಿತ್ತು. ಮೂಗು ಎಲ್ಲಕ್ಕಿಂತ ಚೆನ್ನಾಗಿತ್ತು. ಇದಕ್ಕೆ ಏನು ಉಡಿಸುವುದೆಂದು ಯೋಚಿಸುತ್ತ ಇಂದ್ರಮ್ಮ ಬಟ್ಟೆಯ ಗಂಟು ಹರವಿಕೊಂಡಿದ್ದಳು. ಮಹಾಲಕ್ಷ್ಮಿ ಇನ್ನೊಂದು ಪೆಟ್ಟಿಗೆಯಿಂದ ಒಂದು ನೈಲೆಕ್ಸ್ ಸೀರೆ ಎಳೆದು ತಂದಳು. ದೊಡ್ಡ ದೊಡ್ಡ ಕಿತ್ತಳೆ ಹೂವು, ಹಸಿರು ಎಲೆ.

"ಅಮ್ಮ, ಇದು ಯಾವ ಅಜ್ಜೀದು? ಎಷ್ಟು ಹಳೇ ಕಾಲದ್ದು!"

ರಂಗಯ್ಯ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಇಂದ್ರಮ್ಮ ಮದುವೆಯ ಮಾರನೆಯ ದಿನ ಉಟ್ಟ ಸೀರೆ ಅದು. ಅಂಗಡಿಯವನು ಬಾಂಬೆಯಿಂದ ನೆನ್ನೆ ಬಂದ ಮಾಲು ಎಂದು ಹೇಳಿ ಕೊಟ್ಟಿದ್ದ.

ಇಂದ್ರಮ್ಮ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ಒಂದು ಗಳಿಗೆ ಚುಚ್ಚಿದ ಹಾಗಾಯಿತು. ಆಮೇಲೆ ಮಗಳ ಕಣ್ಣಿನಿಂದ ನೋಡಿದಳು. ಹೌದು, ಹಳೆಯದೇ. ಚೆನ್ನಾಗಿಯೇ ಇದೆ.

"ನಂದೇ ಕಣೇ. ಕತ್ತರಿ ಕೊಡು."

"ಬ್ಯಾಡ ಬುಡೇ, ಅದ್ನ ಕತ್ತರಿಸ್ತೀಯಾ?" ಅಂದ ರಂಗಯ್ಯ.

"ಪೆಟ್ಟಿಗೇಲಿ ಮಡಿಚಿಟ್ರೆ ಯಾರು ನೋಡ್ತಾರೆ?" ಅವಳು ಹೂವು ತುಂಡಾಗದ ಜಾಗ ಹುಡುಕಿ ಕತ್ತರಿ ಹಾಕಿದಳು. ಮಹಾಲಕ್ಷ್ಮಿ ಗೊಂಬೆಯ ತಲೆಗೆ ಚೌರಿಯ ಕೂದಲು ಹಿಡಿದು ನೋಡುತ್ತಿದ್ದಳು.

"ಆಗ ನೀನು ಜಡೆ ಹಾಕ್ತಿದ್ಯಾ, ತುರುಬಾ?"

"ಒಂದು ಜಡೆ, ಸಡಿಲವಾಗಿ," ಅಂದಳು ಇಂದ್ರಮ್ಮ.

"ಎರಡು ಜಡೆ," ಅಂದ ರಂಗಯ್ಯ. "ನೀನು ಕೆಂಪು ಟೇಪು ಕಟ್ಟಿದ್ದೆ. ನಂಗೆ ಗೊತ್ತಿಲ್ವಾ?"

"ಎರಡು ಜಡೆ ಸ್ಕೂಲ್ ಹುಡುಗೀರ್ದು. ನಾನಾಗಲೇ ನರ್ಸು."

"ಎರಡೇ ಕಣೇ."

ಮಗಳು ಒಮ್ಮೆ ಅಪ್ಪನನ್ನು, ಒಮ್ಮೆ ಅಮ್ಮನನ್ನು ನೋಡಿ, ಕೂದಲನ್ನು ಬಾಚಿ, ನಡುವೆ ಬೈತಲೆ ತೆಗೆದು ಎರಡು ಪಾಲು ಮಾಡತೊಡಗಿದಳು.